ಪಟ್ಟಿಯಲ್ಲಿಲ್ಲದ ಮುಯ್ಯಿ

ಇಪ್ಪತ್ತೇಳು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವನಿಗೆ ಒಂದು ಪುಟ್ಟ ಸಂಸಾರದ ತಿಂಗಳ ಖರ್ಚು ಹೇಳುವುದು ಯಾವ ಬ್ರಹ್ಮವಿದ್ಯೆ? ಹಾಗೆಂದುಕೊಂಡೇ ನಾನು ಕೆಟ್ಟೆ.

ಕಳೆದ ವರ್ಷ ನಜರ್‌ಬಾದಿನ ನಮ್ಮ ಮನೆಯ ಮಹಡಿಗೆ ಟಾಂಜಾನಿಯಾದ ಸಂಸಾರವೊಂದು ಬಾಡಿಗೆಗೆ ಬಂತು. ಗಂಡ ಬರಾಕಾ, ಹಣ್ಣಿನ ರಸ ಕೆಡದಂತೆ ಕಾಪಾಡುವ ವಿದ್ಯೆಯನ್ನು ಒಂದು ವರ್ಷ ಕಲಿಯಲು ಬಂದ ಸಂಶೋಧಕ. ಹೆಂಡತಿ ನೀಮಾ, ಐದು ವರ್ಷದ ಮಗಳು ಜೂರಿ. ಬಂದ ದಿನವೇ ಬರಾಕಾ ಕೈ ಹಿಸುಕಿಕೊಳ್ಳುತ್ತ ಕೇಳಿದ: ಬರುವ ವೇತನ ಸಣ್ಣದು, ದೇಶ ಹೊಸದು, ತಿಂಗಳಿಗೆ ಏನೇನು ಖರ್ಚಾಗುತ್ತದೆ ಎಂದು ಮೊದಲೇ ತಿಳಿದರೆ ಒಳ್ಳೆಯದಿತ್ತು.

ಕೇಳಿದ್ದು ಯಾರನ್ನ? ನನ್ನನ್ನ! ಆ ಸಂಜೆಯೇ ಫುಲ್‌ಸ್ಕೇಪ್ ಹಾಳೆ ಹರಡಿ, ಅವರಿಗೂ ತಿಳಿಯುವಂತೆ ಇಂಗ್ಲಿಷಿನಲ್ಲೇ ಬರೆಯತೊಡಗಿದೆ. ಬಾಡಿಗೆ, ಕರೆಂಟು, ನೀರು, ಗ್ಯಾಸು, ಹಾಲಿನಿಂದ ಹಿಡಿದು ಇಸ್ತ್ರಿಯವನು, ದಸರೆಗೆ ಕಸದ ಗಾಡಿಯವನ ಇನಾಮು, ಬೀರುವಿನ ನುಸಿಗುಳಿಗೆಯವರೆಗೆ ಒಟ್ಟು ಇಪ್ಪತ್ತಮೂರು ಬಾಬತ್ತು. ಅಲ್ಲಿಗೇ ಪೆನ್ನು ಮುಚ್ಚಿದ್ದರೆ ನಾನು ಇವತ್ತು ಸುಖಪುರುಷ. ಕೆಳಗೆ ಕೆಂಪು ಶಾಯಿಯಲ್ಲಿ ಶಾಸನ ಕೆತ್ತಿದೆ: ‘ಈ ಪಟ್ಟಿಯಲ್ಲಿಲ್ಲದ್ದು ಏನೇ ಬಂದರೂ ಅದು ನನ್ನದು.’ ಸಹಿ, ತಾರೀಖು.

ನನ್ನ ಹೆಂಡತಿ ವೇದವತಿ ಕನ್ನಡಕ ಏರಿಸಿ ಓದಿದಳು. “ಈ ಕೊನೇ ಸಾಲು ಯಾಕ್ರೀ ಬೇಕಿತ್ತು?”

“ಸಂಸಾರ ಅಂದ್ರೆ ಒಂದು ಸಮೀಕರಣ ಕಣೇ.”

“ನಮ್ಮನೆ ಸಮೀಕರಣನ ಇಷ್ಟು ವರ್ಷ ಬಿಡಿಸ್ತಿರೋಳು ನಾನು. ಜೇಬು ಭದ್ರವಾಗಿಟ್ಕೊಳಿ.”

ಆ ಜೇಬಿನ ಗುಟ್ಟನ್ನು ಈಗಲೇ ಹೇಳಿಬಿಡಬೇಕು. ಮನೆಪಾಠದ ದುಡ್ಡಲ್ಲಿ ನಾನು ಮೂವತ್ತು ಸಾವಿರ ಕೂಡಿಸಿಟ್ಟಿದ್ದೆ, ಒಂದು ಕುರ್ಚಿಗಾಗಿ. ಅದು ಬರೀ ಕುರ್ಚಿಯಲ್ಲ. ಬೆನ್ನು ಒರಗಿಸಿದರೆ ತಾನಾಗಿ ಹಿಂದಕ್ಕೆ ಮಲಗಿ, ಕಾಲಿಗೆ ಕೆಳಗಿನಿಂದ ಮೆತ್ತನೆಯ ಹಲಗೆಯೊಂದನ್ನು ಎತ್ತಿಕೊಡುವ ಸಿಂಹಾಸನ. ಅರಮನೆಯ ಪಕ್ಕದಲ್ಲಿ ಇಷ್ಟು ವರ್ಷ ಬಾಳಿದವನಿಗೆ ಅಷ್ಟೂ ಆಸೆ ಬೇಡವೇ? ಚಪ್ಪಲಿ ಸ್ಟ್ಯಾಂಡನ್ನು ಆಚೆಗಟ್ಟಿ, ವರಾಂಡದಲ್ಲಿ ಅದು ಕೂರಬೇಕಾದ ಜಾಗಕ್ಕೆ ಸೀಮೆಸುಣ್ಣದಿಂದ ಆಯತವನ್ನೂ ಬರೆದಿಟ್ಟಿದ್ದೆ. ಮನೆ ಕೆಲಸದ ಸಿದ್ದಲಿಂಗಮ್ಮನಿಗೆ ಅದನ್ನು ಒರೆಸಕೂಡದೆಂದು ಕಟ್ಟಪ್ಪಣೆ.

ಮೊದಲ ತಿಂಗಳು ಪಟ್ಟಿಯಿಂದ ತಪ್ಪಿಸಿಕೊಂಡದ್ದು ಸೊಳ್ಳೆ ಪರದೆಯೊಂದೇ. ಕೊಟ್ಟೆ. ಸಿಂಹಾಸನದ ಒಂದು ಮೊಳೆ ಹೋಯಿತು, ಅಷ್ಟೆ.

ಎರಡನೆಯ ತಿಂಗಳು ಎದುರುಮನೆಯ ದೊರೆಸ್ವಾಮಿ ಮೊದಲ ಮಗಳ ನಿಶ್ಚಿತಾರ್ಥಕ್ಕೆ ನಮ್ಮನ್ನು ಕರೆಯಲು ಬಂದವರು, ಹಾಗೇ ಮಹಡಿ ಹತ್ತಿ ಅಲ್ಲೂ ಅಕ್ಷತೆ ಕೊಟ್ಟು ಇಳಿದರು. ಹಿಂದೆಯೇ ನೀಮಾ ಬಂದು, ಅವರ ಮನೆಗೆ ಏನು ಒಯ್ಯಬೇಕು ಎಂದು ಕೇಳಿದಳು. ವೇದ ಮುಯ್ಯಿಯ ಮಹಾತ್ಮೆಯನ್ನು ವಿವರಿಸಿದಳು: ಕವರಿನಲ್ಲಿ ದುಡ್ಡಿಡುವುದು, ಬಾಗಿಲಲ್ಲಿ ನೋಟ್‌ಬುಕ್ಕಿನವನು ಹೆಸರು ಬರೆದುಕೊಳ್ಳುವುದು, ನಾಳೆ ನಮ್ಮ ಮನೆಯ ಸಮಾರಂಭಕ್ಕೆ ಅವರು ಅದಕ್ಕೊಂದಿಷ್ಟು ಸೇರಿಸಿ ತಿರುಗಿಸುವುದು. ನೀಮಾ ಮೇಲಕ್ಕೆ ಹೋಗಿ ನನ್ನ ಶಾಸನವನ್ನು ತಂದಳು. ಇಪ್ಪತ್ತಮೂರು ಬಾಬತ್ತಿನ ಮೇಲೂ ಬೆರಳಾಡಿಸಿದಳು.

“ಮುಯ್ಯಿ ಇಲ್ಲ, ಮೇಷ್ಟ್ರೇ,” ಎಂದಳು. ನಮ್ಮ ಅಡುಗೆಮನೆಯಲ್ಲಿ ಅವಳು ಕಲಿತ ಕನ್ನಡ, ಸ್ವಚ್ಛವಾಗಿತ್ತು.

ಐನೂರ ಒಂದು ಕೊಟ್ಟೆ. ಆ ನಿಶ್ಚಿತಾರ್ಥದಲ್ಲಿ ವೇದಳ ಮೈಸೂರು ರೇಷ್ಮೆ ಉಟ್ಟು, ಎಲ್ಲರಿಗಿಂತ ಒಂದು ಗೇಣು ಎತ್ತರವಾಗಿ ನಿಂತ ನೀಮಾಳ ಫೋಟೊ ಬೀದಿಯ ವಾಟ್ಸಾಪಿನಲ್ಲಿ ಹರಿದಾಡಿತು. ಮುಗಿಯಿತು! ಅಂದಿನಿಂದ ಬರಾಕಾ ದಂಪತಿಗಳಿಲ್ಲದ ಸಮಾರಂಭ ನಮ್ಮ ಬೀದಿಯಲ್ಲಿ ಸಮಾರಂಭವೇ ಅಲ್ಲ. ಗೃಹಪ್ರವೇಶಕ್ಕೆ ಕರೆದರು, ಸೀಮಂತಕ್ಕೆ ಕರೆದರು, ಅರವತ್ತರ ಶಾಂತಿಗೆ ಕರೆದರು. ಆಟೊ ನಂಜುಂಡಸ್ವಾಮಿ ಹೊಸ ಗಾಡಿಯನ್ನು ಚಾಮುಂಡಿ ಬೆಟ್ಟಕ್ಕೆ ಪೂಜೆಗೆ ಒಯ್ಯುವಾಗಲೂ ಅವರನ್ನೇ ಹಿಂದೆ ಕೂರಿಸಿಕೊಂಡು ಹೋದ. ಯಾರು ಕರೆದರೂ ಅವರು ಇಲ್ಲ ಎನ್ನಲಿಲ್ಲ. ಪ್ರತಿ ಬಾಗಿಲಲ್ಲೂ ನೋಟ್‌ಬುಕ್ಕಿನವನ ಘೋಷಣೆ: “ಬರಾಕಾ, ಟಾಂಜಾನಿಯಾ, ಐನೂರ ಒಂದು.” ಅವರ ಹಿಂದೆಯೇ ನನ್ನ ಹೆಸರಿನದೂ ಒಂದು. ಎರಡು ಮುಯ್ಯಿ ಕೊಟ್ಟು ಒಂದೇ ಎಲೆಯಲ್ಲಿ ಉಣ್ಣುವ ಸೌಭಾಗ್ಯ ಮೈಸೂರಿನಲ್ಲಿ ಇನ್ನಾರಿಗಿದೆ?

ಯುಗಾದಿಯ ಹೊತ್ತಿಗೆ ಸಿಂಹಾಸನದ ಎರಡೂ ಕೈ, ಕಾಲುಹಲಗೆ, ಅರ್ಧ ಬೆನ್ನು ಹೋಗಿದ್ದವು. ಒಂದು ದಿನ ಉಪಾಯ ಹೂಡಿದೆ. ಹೊರದೇಶದವರು ಮುಯ್ಯಿ ಕೊಡಲೇಬೇಕು ಅಂತೇನಿಲ್ಲ, ಬರಿಗೈಯಲ್ಲಿ ಹೋದರೂ ಯಾರೂ ತಪ್ಪು ತಿಳಿಯುವುದಿಲ್ಲ ಎಂದು ನೀಮಾಳಿಗೆ ನಯವಾಗಿ ಹೇಳಿದೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು. ಅವರ ಊರಿನಲ್ಲಿ ಮದುವೆಗೆ ತಿಂಗಳುಗಟ್ಟಲೆ ಮುಂಚೆಯೇ ಸಮಿತಿ ಕೂತು, ಮನೆಮನೆಗೆ ಚೀಟಿ ಕಳಿಸಿ, ವಂತಿಗೆ ಎತ್ತುತ್ತಾರಂತೆ. ಕೊಡದವನ ಮನೆಯ ಕೆಲಸಕ್ಕೆ ಯಾರೂ ಹೋಗುವುದಿಲ್ಲವಂತೆ.

“ಕೊಡ್ದೆ ಉಣ್ಣೋದಾ, ಮೇಷ್ಟ್ರೇ?” ಎಂದಳು.

ಒಳಗಿನಿಂದ ವೇದ ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ಅವಳನ್ನು ಕಟ್ಟಿಕೊಂಡವನಿಗೆ ಗೊತ್ತು.

ವರ್ಷ ತುಂಬಿತು. ಊರಿಗೆ ಹೊರಡುವ ಹಿಂದಿನ ವಾರ ನಮ್ಮ ತಾರಸಿಯ ಮೇಲೆ ಶಾಮಿಯಾನ ಹಾಕಿ ಜೂರಿಯ ಹುಟ್ಟುಹಬ್ಬ ಮಾಡಿದರು. ಇಡೀ ಬೀದಿ ಹತ್ತಿ ಬಂತು. ತಿಂದ ಮುಯ್ಯಿಯನ್ನು ತಿರುಗಿಸದೆ ಕಳಿಸುವ ಜನವೇ ನಮ್ಮವರು? ಅದೂ ಕೊಟ್ಟಷ್ಟೇ ಕೊಟ್ಟರೆ ಮರ್ಯಾದೆ ಏನು ಉಳಿಯಿತು? ಐನೂರಕ್ಕೆ ಒಬ್ಬರು ಏಳುನೂರು ಕೊಟ್ಟರೆ ಇನ್ನೊಬ್ಬರು ಸಾವಿರ! ದೊರೆಸ್ವಾಮಿಯವರೇ ನೋಟ್‌ಬುಕ್ ಹಿಡಿದು ಕೂತಿದ್ದರು. ನಾನು ಅವರ ಬೆನ್ನ ಹಿಂದೆ ನಿಂತು ಮನಸ್ಸಿನಲ್ಲೇ ಕೂಡಿಸುತ್ತ ಹೋದೆ, ನಿಟ್ಟುಸಿರೂ ಬಿಡುತ್ತ ಹೋದೆ. ನನ್ನ ಸಿಂಹಾಸನ ನನ್ನ ತಾರಸಿಯ ಮೇಲೇ, ನನ್ನ ಕಣ್ಣೆದುರೇ, ಬೇರೆಯವರಿಗೆ ಬಿಡಿಬಿಡಿಯಾಗಿ ಸಂದಾಯವಾಗುತ್ತಿತ್ತು.

ಮರುದಿನ ಬೆಳಿಗ್ಗೆ ನೀಮಾ ಒಂದು ಸ್ಟೀಲ್ ಡಬ್ಬಿ ಹಿಡಿದು ಕೆಳಗೆ ಬಂದಳು. ತುಂಬ ಕವರುಗಳು.

“ಇದೂ ಪಟ್ಟೀಲಿ ಇಲ್ಲ, ಮೇಷ್ಟ್ರೇ. ಪಟ್ಟೀಲಿ ಇಲ್ದಿರೋದು ನಿಮ್ದು ಅಂತ ನೀವೇ ಬರ್ದಿದ್ದೀರ.”

ಆಹಾ, ನನ್ನ ಕೆಂಪು ಶಾಯಿಯೇ! ಛೆ ಛೆ ಬೇಡ ಎಂದೆ. ಎಲ್ಲಾದರೂ ಉಂಟೇ ಎಂದೆ. ಮೂರನೆಯ ಸಲ ಬೇಡ ಎಂದರೆ ಅವಳು ನಿಜವೆಂದು ನಂಬಿಬಿಟ್ಟಾಳೆಂದು ಡಬ್ಬಿ ತೆಗೆದುಕೊಂಡೆ. ಅವಳು ಮಹಡಿ ಮುಟ್ಟುವುದರೊಳಗೆ ಅಂಗಡಿಗೆ ಫೋನ್ ಮಾಡಿ ಸಿಂಹಾಸನದ ಬಣ್ಣವನ್ನೂ ಹೇಳಿಯಾಗಿತ್ತು. ಅಷ್ಟರಲ್ಲಿ ಅವಳು ಮತ್ತೆ ಇಳಿದು ಬಂದಳು. ಈ ಸಲ ಕೈಯಲ್ಲಿ ದೊರೆಸ್ವಾಮಿಯವರ ನೋಟ್‌ಬುಕ್.

“ಇದು ಮರ್ತಿದ್ದೆ. ಅರವತ್ತೆರಡು ಮನೆ. ಇವರಿಗೆಲ್ಲ ವಾಪಸ್ ಕೊಡ್ಬೇಕಲ್ವಾ, ಅವರವರ ಮನೆ ಕೆಲ್ಸ ಬಂದಾಗ? ನಾವು ಇರಲ್ಲ. ದುಡ್ಡು ತಗೊಂಡವರೇ ಕೊಡ್ಬೇಕು. ನಮ್ಮೂರಲ್ಲೂ ಹಂಗೇನೇ ಕಣ್ರೀ.”

ನಾನು ಬಾಯಿ ತೆರೆಯುವ ಮೊದಲೇ ವೇದ ಪುಸ್ತಕ ಇಸಿದುಕೊಂಡು ಪುಟ ತಿರುವಿದಳು. “ದೊರೆಸ್ವಾಮಿಯೋರ ಎರಡನೇ ಮಗಳ ಮದ್ವೆ ಮುಂದಿನ ತಿಂಗ್ಳೇ. ಸಾವಿರದೊಂದು ಬರ್ಸಿದ್ದಾರೆ. ನೀವು ಸಾವಿರದೈನೂರಾದ್ರೂ ಬರೆಸ್ಬೇಕು. ಅಂಗಡಿಯೋರಿಗೆ ಬೇಡ ಅಂತೀರೋ, ನಾನೇ ಅನ್ಲೋ?”

ನಾನೇ ಅಂದೆ. ಸಿದ್ದಲಿಂಗಮ್ಮ ಆ ಮಧ್ಯಾಹ್ನವೇ ವರಾಂಡದ ಆಯತವನ್ನು ಒರೆಸಿದಳು, ಯಾರೂ ಹೇಳದೆಯೇ.

ಮದುವೆಯ ದಿನ ಛತ್ರದ ಬಾಗಿಲಲ್ಲಿ ದೊರೆಸ್ವಾಮಿಯವರ ಭಾವಮೈದುನ ನೋಟ್‌ಬುಕ್ ಹಿಡಿದು ಕೂತಿದ್ದರು. ನನ್ನ ಕವರು ಕೊಟ್ಟೆ. ಬರೆದುಕೊಂಡರು. ಎರಡನೆಯದನ್ನೂ ಕೊಟ್ಟೆ.

“ಇದು ಬರಾಕಾ, ಟಾಂಜಾನಿಯಾ ಅಂತ ಬರ್ಕೊಳಿ.”

ಅವರು ನನ್ನ ಹಿಂದೆ ಮುಂದೆ ನೋಡಿದರು. “ಅವ್ರು ದೇಶಕ್ಕೆ ಹೊರಟೋದ್ರು ಅಂದ್ರಲ್ಲ. ನೀವು ಅವ್ರಿಗೇನಾಗ್ಬೇಕು ಸಾರ್?”

ಪಕ್ಕದಲ್ಲಿ ವೇದ ಮತ್ತೆ ಕೆಮ್ಮಿದಳು.

“ಪಟ್ಟಿ ಬರ್ಕೊಟ್ಟೋನು,” ಎಂದು ಹೇಳಿ, ಒಳಗೆ ಹೋಗಿ, ಸಿಕ್ಕಿದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೆ.