ಉಣ್ಣಿ ಮಾತ್ರೆ

ನಮ್ಮ ಮನೆಯಲ್ಲಿ ಆರೋಗ್ಯದ ಫೈಲು ಇರುವುದು ಒಬ್ಬಳಿಗೇ. ಅವಳು ನಮ್ಮ ನಾಯಿ, ಹೆಸರು ಮೌನ. (ಆ ಹೆಸರಿಟ್ಟ ದಿನದಿಂದ ಚೆನ್ನೈ ಪೆರಂಬೂರಿನ ನಮ್ಮ ಬೀದಿಯಲ್ಲಿ ಯಾರೂ ಮಧ್ಯಾಹ್ನ ನಿದ್ದೆ ಮಾಡಿಲ್ಲ.) ಹುಚ್ಚುನಾಯಿ ರೋಗದ ಚುಚ್ಚುಮದ್ದು, ಜಂತುವಿನ ಔಷಧಿ, ಹಲ್ಲಿನ ತಪಾಸಣೆ, ಎಲ್ಲದರ ತಾರೀಖೂ ನನ್ನ ಹೆಂಡತಿ ಹರಿಪ್ರಿಯಾಳ ದುಂಡಕ್ಷರದಲ್ಲಿ. ರೈಲ್ವೆಯಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತನಾದ ಈ ಉಪೇಂದ್ರನಿಗೆ ಫೈಲು ಹಾಗಿರಲಿ, ಒಂದು ಚೀಟಿಯೂ ಇಲ್ಲ.

ಮೌನಳ ಮೇಲೆ ನನಗೆ ಹೊಟ್ಟೆಕಿಚ್ಚೇನಿಲ್ಲ. ಹೋದ ವರ್ಷ ಉಣುಗು (ರಕ್ತ ಹೀರುವ ಆ ಹಾಳು ಹುಳ) ಕಚ್ಚಿ ಜ್ವರ ಬಂದು ಅವಳು ನಾಲ್ಕು ದಿನ ಬೊಗಳದೆ ಮಲಗಿದ್ದಾಗ ಯಾರಿಗೂ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ನಾನಂತೂ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅಂದಿನಿಂದ ಅವಳಿಗೆ ಮೂರು ತಿಂಗಳಿಗೊಂದು ಮಾತ್ರೆ. ಒಂದು ದಿನವೂ ತಪ್ಪಬಾರದೆಂದು ಡಾಕ್ಟರ ಕಟ್ಟಪ್ಪಣೆ. ಹರಿಪ್ರಿಯಾ ಅದನ್ನು ಮೊಸರನ್ನದ ಉಂಡೆಯೊಳಗೆ ಬಚ್ಚಿಟ್ಟು ತಿನ್ನಿಸುತ್ತಾಳೆ.

ಆ ಏಕಾದಶಿಯ ಬೆಳಿಗ್ಗೆ ಮೊಣಕಾಲು ನೀವಿಕೊಳ್ಳುತ್ತ ಗೊಣಗಿದೆ: “ನನಗೂ ಒಂದ ಗುಳಿಗಿ ಕೊಟ್ರ ನಿಮ್ಮ ಗಂಟೇನ ಹೋಗ್ತದ?” ಹರಿಪ್ರಿಯಾ ತಂಗಿಯ ಜೊತೆ ಸೀರೆಗೆಂದು ಪುರಸೈವಾಕ್ಕಂಗೆ ಹೊರಡುವ ತಯಾರಿಯಲ್ಲಿದ್ದಳು.

ನಾನು ಮೌನಳನ್ನು ಸುತ್ತಾಡಿಸಿ ಬಂದಾಗ ಅವಳು ಹೋಗಿಯಾಗಿತ್ತು. ಮೇಜಿನ ಮೇಲೊಂದು ತಟ್ಟೆ, ತಟ್ಟೆಯಲ್ಲಿ ಕಂದು ಬಣ್ಣದ ದಪ್ಪ ಮಾತ್ರೆ, ಪಕ್ಕದಲ್ಲಿ ಚೀಟಿ: “ಉಣ್ಣಿ ಮಾತ್ರೆ. ಹನ್ನೊಂದಕ್ಕೆ. ಮರೀಬೇಡಿ.”

ನನ್ನ ಕಣ್ಣು ತುಂಬಿತು. ನಾನು ಧಾರವಾಡದವನು. ಅವಳು ಹುಟ್ಟಿ ಬೆಳೆದದ್ದೆಲ್ಲ ಚೆನ್ನೈಯಲ್ಲೇ, ಕನ್ನಡ ಅಕ್ಷರ ಕಲಿತದ್ದೇ ದೇವರನಾಮ ಓದಲು. ನಮ್ಮ ಕಡೆ ‘ಉಣ್ರಿ’ ಅನ್ನುತ್ತೇವೆ. ಇವಳು ಪಾಪ, ಗಂಡನಿಗಾಗಿ ಗ್ರಾಂಥಿಕ ಭಾಷೆಗೇ ಏರಿ ‘ಉಣ್ಣಿ’ ಎಂದು ವಿನಂತಿಸಿದ್ದಾಳೆ! ಮಾತ್ರೆಯನ್ನು ಯಾರೂ ಉಣ್ಣುವುದಿಲ್ಲ, ತೆಗೆದುಕೊಳ್ಳುತ್ತಾರೆ ಎಂಬುದು ಆಗ ಹೊಳೆಯಲಿಲ್ಲ. ಹನ್ನೊಂದಕ್ಕೆ ಸರಿಯಾಗಿ ಅಗಿದು ಉಂಡೆ. ಉಪವಾಸದ ಹೊಟ್ಟೆಗೆ ಅದೇನು ರುಚಿ ಅಂತೀರಿ, ಬೆರಳನ್ನೂ ನೆಕ್ಕಿದೆ. ಮೌನ ನನ್ನ ಬಾಯನ್ನೇ ನೋಡುತ್ತ, ಜೀವನದಲ್ಲಿ ಮೊದಲ ಸಲ ಹೆಸರಿಗೆ ತಕ್ಕಂತೆ ಕುಳಿತಿದ್ದಳು.

ಮನೆಯಿಂದಲೇ ಆಫೀಸು ಕೆಲಸ ಮಾಡುವ ಮಗಳು ಭಾವನಾ ಕೋಣೆಯಿಂದ ಬಂದು, ಮೌನ ಮಾತ್ರೆ ತಿಂದಳಾ ಎಂದು ಕೇಳಿದಳು. ನಾನು ತಿಂದೆ ಎಂದೆ, ಹೆಮ್ಮೆಯಿಂದಲೇ.

“ಅಪ್ಪಾ, ತಮಿಳ್ಲ ಉಣ್ಣಿನ್ನಾ ಟಿಕ್‌ಪ್ಪಾ. ನಾಯ್ ಮೇಲ ಇರುಕ್ಕುಮೇ, ಅದು.”

ಅಂದರೆ ನಮ್ಮ ಕಡೆಯ ಉಣುಗು. ಹರಿಪ್ರಿಯಾ ಕನ್ನಡ ಅಕ್ಷರದಲ್ಲಿ ಬರೆದದ್ದು ತಮಿಳು. ಏಕಾದಶಿಯಾದ್ದರಿಂದ ಮನೆಯಲ್ಲಿ ಅನ್ನವಿರಲಿಲ್ಲ, ಅದಕ್ಕೇ ಮಾತ್ರೆ ಬರಿದೇ ತಟ್ಟೆಯಲ್ಲಿತ್ತು. ಭಾವನಾ ಡಬ್ಬಿಯ ಮೇಲಿನ ಸಣ್ಣಕ್ಷರ ಓದಿ ನೆಲದ ಮೇಲೇ ಕುಳಿತುಬಿಟ್ಟಳು. ನಾಯಿಗಳು ಇಷ್ಟಪಡಲೆಂದು ಅದಕ್ಕೆ ಲಿವರಿನ ರುಚಿ ಬೆರೆಸಿದ್ದರಂತೆ. ಏಳು ತಲೆಮಾರಿನಿಂದ ಈರುಳ್ಳಿಗೂ ಯೋಚಿಸುವ ವಂಶದ ಕುಡಿ ನಾನು, ಅದೂ ಏಕಾದಶಿಯ ದಿನ.

ಭಾವನಾಳ ಫೋನಿಗೆ ಹರಿಪ್ರಿಯಾ ಸೀರೆ ಅಂಗಡಿ ಬಿಟ್ಟು ಆಟೋದಲ್ಲಿ ಓಡಿ ಬಂದಳು. ಬೈಯುತ್ತಾಳೆ ಅಂದುಕೊಂಡಿದ್ದೆ; ನನ್ನ ಕೈ ಹಿಡಿದುಕೊಂಡವಳು ಬಿಡಲೇ ಇಲ್ಲ. ನಾಯಿ ಡಾಕ್ಟರು ಫೋನಿನಲ್ಲಿ ನಕ್ಕು ಮುಗಿಸಿ, ಕೂಡಲೇ ಮನುಷ್ಯರ ಡಾಕ್ಟರಿಗೆ ತೋರಿಸಿ ಎಂದರು. ಮನುಷ್ಯರ ಡಾಕ್ಟರು ನನ್ನ ಕಥೆಯನ್ನು ಎರಡು ಸಲ ಹೇಳಿಸಿ ಕೇಳಿ, ಹೊಟ್ಟೆಗೇನೂ ಆಗಿಲ್ಲ, ಆದರೆ ಬಿಪಿ ನೂರಾ ಎಪ್ಪತ್ತು ಎಂದರು. ಹಿಂದೆ ಯಾವಾಗ ನೋಡಿಸಿದ್ದು ಎಂದು ಕೇಳಿದರೆ ನಮ್ಮಿಬ್ಬರಿಗೂ ನೆನಪಿರಲಿಲ್ಲ.

ಸಂಜೆ ಮೌನಳಿಗೆ ಹೊಸ ಮಾತ್ರೆ ತಿನ್ನಿಸಿದ ಮೇಲೆ ಹರಿಪ್ರಿಯಾ ಫೈಲು ತೆಗೆದು ಬರೆಯತೊಡಗಿದಳು. ಇಣುಕಿದೆ. ಮೌನಳದೇ ಫೈಲು, ಕೊನೆಯ ಪುಟ: “ಉಪೇಂದ್ರ. ಗಂಡು. ತೂಕ ಎಪ್ಪತ್ತೆರಡು ಕೆ.ಜಿ. ಬಿಪಿ ಮಾತ್ರೆ ದಿನಾ ಒಂದು. ಉಣ್ಣಿ ಮಾತ್ರೆ ಕೊಟ್ಟಾಗಿದೆ.”

“ನನಗ ಬ್ಯಾರೆ ಫೈಲ್ ಇಲ್ಲೇನು?” ಅಂದೆ.

“ಇದ್ರಲ್ಲೇ ಇರ್ಲಿ. ಇದನ್ನಾದ್ರೆ ನಾನು ದಿನಾ ನೋಡ್ತೀನಿ,” ಎಂದು ಅವಳು ಕಣ್ಣೊರೆಸಿಕೊಂಡಳು.

ಮರುದಿನ ದ್ವಾದಶಿ ಪಾರಣೆ. ನನ್ನ ಬಿಪಿ ಮಾತ್ರೆ ಮೊಸರನ್ನದ ಉಂಡೆಯೊಳಗೆ ಬಂತು.