ಕಾಕಾನ ವಿದೇಶಾಂಗ ನೀತಿ

ದೇಶದ ವಿದೇಶಾಂಗ ನೀತಿ ದೆಹಲಿಯಲ್ಲಿ ತಯಾರಾಗುತ್ತದೆ ಎಂದು ನೀವು ನಂಬಿಕೊಂಡಿದ್ದರೆ, ಹುಬ್ಬಳ್ಳಿಯ ಕಮರಿಪೇಟೆಯಲ್ಲಿರುವ ನಮ್ಮ ಕಾಕಾನ ಟೇಲರ್ ಅಂಗಡಿಗೆ ನೀವು ಒಮ್ಮೆಯೂ ಬಂದಿಲ್ಲ ಎಂದೇ ಅರ್ಥ. ಎಂಟಡಿ ಅಗಲದ ಆ ಅಂಗಡಿಯಲ್ಲಿ ಎರಡು ಮಷೀನು, ಒಂದು ಇಸ್ತ್ರಿಪೆಟ್ಟಿಗೆ, ಗೋಡೆಯ ಮೇಲೊಂದು ಟಿ.ವಿ. ಇವೆ. ನೀತಿ ಮಾಡಲು ಇನ್ನೇನು ಬೇಕು?

ನನ್ನ ತಂದೆಯ ತಮ್ಮನಾದ ಈ ಕಾಕಾ ನಲವತ್ತೈದು ವರ್ಷಗಳಿಂದ ಕೋಟು ಹೊಲಿಯುತ್ತ ಬಂದಿದ್ದಾನೆ. ಯಾವ ಪಕ್ಷ ಗೆದ್ದಿತು, ಯಾವುದು ಸೋತಿತು ಎಂಬುದು ಅವನಿಗೆ ಬೇಕಾಗಿಲ್ಲ. ಅವನಿಗಿರುವುದು ಒಂದೇ ಪ್ರಶ್ನೆ: ನಮ್ಮ ದೇಶದ ನಾಯಕ ಪರದೇಶದ ದೊಡ್ಡವರನ್ನು ಕಂಡಾಗ ಬಾಗಿದನೋ ಇಲ್ಲವೋ? ಟಿ.ವಿ.ಯ ಧ್ವನಿ ಸದಾ ಬಂದ್. ಮಾತು ಯಾಕೆ, ಬೆನ್ನು ಕಂಡರೆ ಸಾಕು. ವಿಮಾನದ ಮೆಟ್ಟಿಲು, ಕೆಂಪು ಹಾಸು ಕಾಣಿಸಿದ ಕೂಡಲೇ ಕತ್ತರಿ ಕೆಳಗಿಟ್ಟು ಕನ್ನಡಕ ಏರಿಸುತ್ತಾನೆ. ಕೈಜೋಡಿಸಿ ಕತ್ತು ಎರಡು ಬೆರಳಿನಷ್ಟು ಇಳಿಸಿದರೆ ಪಾಸು. ಸೊಂಟ ಬಗ್ಗಿತೋ, ಮುಗಿಯಿತು! ಆ ದಿನ ಕಾಕಾ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಹಾಕಿದರೂ ಕೈ ತಪ್ಪುತ್ತದೆ ಎನ್ನುತ್ತಾನೆ. ಹೀಗಾಗಿ ಗಿರಾಕಿಗಳು ಕೋಟು ಯಾವಾಗ ಸಿಗುತ್ತದೆಂದು ಕೇಳುವುದನ್ನೇ ಬಿಟ್ಟಿದ್ದಾರೆ. ಈ ವಾರ ಯಾರಾದರೂ ಪರದೇಶಕ್ಕೆ ಹೊರಟಿದ್ದಾರೆಯೇ ಎಂದು ವಿಚಾರಿಸಿ ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಈ ನೀತಿಗೆ ಅಂಗಡಿಯೊಳಗೇ ಒಬ್ಬ ವಿರೋಧಿ ಇದ್ದಾನೆ. ಎರಡನೆಯ ಮಷೀನಿನ ಮುಂದೆ ಮೂವತ್ತು ವರ್ಷಗಳಿಂದ ಕೂತಿರುವ, ಗುಂಡಿ ಹಚ್ಚಿ ಕಾಜಾದ ತೂತು ಹೊಲಿಯುವ ಕೆಲಸಗಾರ, ಊರಿಗೆಲ್ಲ ಚಾಚಾ. ಎದುರಿಗೆ ಬಂದವರಿಗೆ ತಲೆಬಾಗುವುದು ಮನೆತನಸ್ಥರ ರೀತಿ, ಅದರಲ್ಲಿ ಸೋಲಿಲ್ಲ ಎಂಬುದು ಅವನ ವಾದ. ಒಂದು ದಿನ ಯಾವುದೋ ಅರಮನೆಯ ಅಂಗಳದಲ್ಲಿ ನಮ್ಮವರೊಬ್ಬರು ತುಸು ಹೆಚ್ಚೇ ಬಾಗಿದ್ದು ಟಿ.ವಿ.ಯಲ್ಲಿ ಬಂತು. ಕಾಕಾ ಕುಡಿಯುತ್ತಿದ್ದ ಚಹಾವನ್ನು ಅರ್ಧಕ್ಕೇ ಬಿಟ್ಟ.

"ಬಾಗಿದ್ರ ಏನ್ ಸವೀತೈತ್ರಿ ಮಾಸ್ತರ?" ಎಂದ ಚಾಚಾ, ಸೂಜಿಗೆ ದಾರ ಪೋಣಿಸುತ್ತ.

"ನಿನ್ನ ಸಲುವಾಗಿ ನೀ ಬಾಗು ಚಾಚಾ, ಯಾರ್ ಬ್ಯಾಡ ಅಂತಾರ? ಅವ್ರು ನನ್ನ ಸಲುವಾಗಿ ಹೋಗ್ಯಾರ. ನನ್ನ ಒಂದ್ ಮಾತ್ ಕೇಳ್ಯಾರೇನು?"

ದೆಹಲಿಯಿಂದ ಕಮರಿಪೇಟೆಗೆ ಅಂಥ ಯಾವ ಫೋನೂ ಬಂದಿರಲಿಲ್ಲ ಎಂಬುದನ್ನು ಚಾಚಾ ಒಪ್ಪಿಕೊಳ್ಳಲೇಬೇಕಾಯಿತು.

ಆ ಸಿಟ್ಟಿನಲ್ಲೇ ಕಾಕಾ ಮರುದಿನ ಸುಳ್ಳ ಗ್ರಾಮದ ಗೌಡರ ಮಗನ ಮದುವೆ ಕೋಟು ಕತ್ತರಿಸಿದ. ಬೆನ್ನು ಎಷ್ಟು ಬಿಗಿಯಾಯಿತೆಂದರೆ, ಮದುಮಗ ಅದನ್ನು ತೊಟ್ಟು ಧ್ವಜದ ಕಂಬದಂತೆ ನಿಂತ. ಫೋಟೋಗಳೆಲ್ಲ ಬಹಳ ಛಲೋ ಬಂದವಂತೆ. ಅಕ್ಷತೆ ಬಿದ್ದ ಮೇಲೆ ಹಿರಿಯರ ಕಾಲು ಮುಟ್ಟುವ ಹೊತ್ತು ಬಂತು. ಮೊದಲನೆಯ ಅಜ್ಜನ ಕಾಲಿಗೆ ಕೈ ತಲುಪುವಷ್ಟರಲ್ಲಿ ಬೆನ್ನ ಹೊಲಿಗೆ ಕುತ್ತಿಗೆಯಿಂದ ಸೊಂಟದ ತನಕ ಬಿಟ್ಟಿತು. ಉಳಿದ ಹಿರಿಯರೆಲ್ಲ ಶಾಲು ಹೊದ್ದ ಮದುಮಗನಿಗೆ ಆಶೀರ್ವಾದ ಮಾಡಿದರು.

ಗೌಡರು ಕೋಟು ಹಿಡಿದುಕೊಂಡು ಬಂದರು. ಕಾಕಾ ಹರಿದ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಹುಡುಗ ಎಷ್ಟು ಬಗ್ಗಿದ್ದ ಎಂದು ಗಂಭೀರವಾಗಿ ವಿಚಾರಿಸಿದ.

"ಪೂರಾ ಬಗ್ಗ್ಯಾನ್ರಿ," ಎಂದರು ಗೌಡರು. "ಹಿರ್ಯಾರ ಕಾಲು ಕೆಳಗ ಇರ್ತಾವಲ್ರಿ."

ಕಾಕಾ ಕೋಟನ್ನು ಮಷೀನಿಗೆ ಹಾಕಿದ. ಬೆನ್ನನ್ನು ಮತ್ತೆ ಹೊಲಿದುಕೊಟ್ಟ.

ಮುಂದೆ ಪರದೇಶವೇ ಅಂಗಡಿಗೆ ಬಂತು. ದೇಶಪಾಂಡೆ ನಗರದ ಹೋಟೆಲಿನಲ್ಲಿ ಇಳಿದಿದ್ದ ಜಪಾನಿನ ಎಂಜಿನಿಯರೊಬ್ಬರ ಕೋಟಿನ ಗುಂಡಿ ಮೀಟಿಂಗಿಗೆ ಮೊದಲು ಕಿತ್ತುಬಂದಿತ್ತಂತೆ. ಯಾರೋ ಅವರನ್ನು ಕರೆತಂದರು. ಅಂದು ನಾನೂ ಅಲ್ಲಿದ್ದೆ. ಅತಿಥಿ ಹೊಸ್ತಿಲಲ್ಲಿ ನಿಂತು ಸೊಂಟದಿಂದ ಬಾಗಿದರು. ಕಾಕಾ ಕೊರಳಲ್ಲಿ ಟೇಪು ಹಾಕಿಕೊಂಡು ನೆಟ್ಟಗೆ ನಿಂತು, ಕುಲುಕಲೆಂದು ಕೈ ಚಾಚಿದ. ಅವರ ತಲೆ ಇಳಿದು ಬಂದು ಸರಿಯಾಗಿ ಆ ಕೈಗೇ ತಾಗಿತು. ರಸ್ತೆಯಿಂದ ನೋಡಿದವರಿಗೆ ಕಾಕಾ ಜಪಾನಿಗೆ ಆಶೀರ್ವಾದ ಮಾಡಿದಂತೆ ಕಂಡಿರಬೇಕು.

ಆಗ ಚಾಚಾ ಎದ್ದು, ಹಣೆಗೆ ಕೈ ತಂದು ಚೆಂದಾಗಿ ಬಾಗಿದ. ಅವರು ಅವನಿಗೆ ಇನ್ನೂ ಕೆಳಗೆ ಬಾಗಿದರು. ಚಾಚಾ ಸೋಲಲಿಲ್ಲ. ಹೀಗೆ ನಾಲ್ಕೈದು ಸಲ ಆದ ಮೇಲೆ ಕಾಕಾ, "ಇಬ್ರೂ ನಿಂದರ್ರಿ, ಗುಂಡಿ ಹಚ್ಚೂದೈತಿ," ಎಂದ.

ಗುಂಡಿ ಹಚ್ಚುವಾಗ ಕಾಕಾ ಆ ಕೋಟನ್ನು ತಿರುವಿ ತಿರುವಿ ನೋಡಿದ. ಅವರು ಹೋದ ಮೇಲೆ, ಜಪಾನಿನ ಟೇಲರ್ ಬೆನ್ನಿಗೆ ಎರಡು ಬೆರಳು ಬಟ್ಟೆ ಹೆಚ್ಚು ಬಿಟ್ಟಿದ್ದಾನೆ, ಅಂಥವರು ಬಾಗಬಹುದು ಎಂದು ನೀತಿಗೆ ತಿದ್ದುಪಡಿ ತಂದ. ನಮ್ಮವರಿಗೂ ಅಷ್ಟು ಬಿಟ್ಟರಾಯಿತಲ್ಲ ಎಂದ ಚಾಚಾ. ಬಿಟ್ಟರೆ ರೂಢಿಯಾಗುತ್ತದೆ ಎಂದು ಕಾಕಾ ಅದನ್ನು ತಳ್ಳಿಹಾಕಿದ.

ಈ ವರ್ಷ ನಮ್ಮ ಕಾಲೇಜಿನಿಂದ ಅಧ್ಯಾಪಕರ ತಂಡವೊಂದು ಪರದೇಶಕ್ಕೆ ಹೊರಟಿತು. ಅದರಲ್ಲಿ ನಾನೂ ಒಬ್ಬ. ಸುದ್ದಿ ಕೇಳಿದ ಕಾಕಾ ಫೋನು ಮಾಡಿ, ಸೂಟು ತಾನೇ ಹೊಲಿಯುವುದಾಗಿ ಹೇಳಿ ಅಂಗಡಿಗೆ ಕರೆದ. ಭುಜ, ಎದೆ, ತೋಳುಗಳ ಅಳತೆ ಮುಗಿಯಿತು. ಹುರುಪಿನಲ್ಲಿದ್ದ ನಾನು, ಅಲ್ಲಿ ಬಾಗಲೋ ಬೇಡವೋ ಎಂದು ಚೇಷ್ಟೆ ಮಾಡಿದೆ. ಕಾಕಾ ಪ್ಯಾಂಟಿನ ಉದ್ದ ನೋಡಲು ಟೇಪು ಹಿಡಿದು ನನ್ನ ಮುಂದೆ ಕೂತ. ಒಂದು ಮೊಣಕಾಲು ನೆಲಕ್ಕೆ ಊರಿ, ಆಮೇಲೆ ಇನ್ನೊಂದನ್ನೂ ಊರಿ, ನನ್ನ ಪಾದದ ತನಕ ತಲೆ ಇಳಿಸಿದ.

ಮೇಲಿನಿಂದ ಅವನ ಬೆನ್ನು ನೋಡಿದ್ದು ಅದೇ ಮೊದಲು. ಅಂಗಿಯೊಳಗೆ ಅದು ಗೂನಾಗಿತ್ತು. ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ನಲವತ್ತೈದು ವರ್ಷಗಳಲ್ಲಿ ಅವನು ಎಷ್ಟು ಜನರ ಪಾದದ ಬಳಿ ಹೀಗೆ ಕೂತಿರಬಹುದು? ವಕೀಲರು, ವ್ಯಾಪಾರಿಗಳು, ಅಳತೆ ಕೊಡುವಾಗಲೂ ಫೋನಿನಲ್ಲಿ ಮಾತಾಡುತ್ತ ನಿಲ್ಲುವವರು.

ಅಳತೆ ಮುಗಿದರೂ ಕಾಕಾನಿಗೆ ಏಳಲಾಗಲಿಲ್ಲ. ನಾನು ಗಾಬರಿಯಾಗಿ ಅವನನ್ನು ಎತ್ತಲು ಬಗ್ಗಿದೆ.

"ನೀ ಬಗ್ಗಬ್ಯಾಡ," ಎಂದ, ತಲೆ ಎತ್ತದೆ. "ನೆಟ್ಟಗ ನಿಂದ್ರು. ನಾ ಬಗ್ಗಿದ್ದ ಸಾಕು."

ಆಮೇಲೆ ನನ್ನ ಮೊಣಕಾಲು ಹಿಡಿದು, ನಂತರ ನನ್ನ ಮುಂಗೈ ಹಿಡಿದು ಸಾವಕಾಶವಾಗಿ ಏಳತೊಡಗಿದ. ಅವನು ಪೂರ್ತಿ ಎದ್ದು ನಿಲ್ಲುವ ತನಕ ನಾನು ಅಲುಗಾಡಲಿಲ್ಲ.