ಕ್ಯಾಪ್ಟನ್ ಗುಡುಗು ಮತ್ತು ಅಕ್ಕನ ಮದುವೆ ಕ್ಯಾಸೆಟ್

ಈ ಸಲ ರಜೆಗೆ ಅಮ್ಮನ ಮನೆಗೆ ಹೋದಾಗ ಯಾವ ಕಾರಣಕ್ಕೂ ಗಾಬರಿ ಬೀಳುವುದಿಲ್ಲ ಎಂದು ಲಿಫ್ಟ್ ಇನ್ಸ್‌ಪೆಕ್ಟರು ಹೆಂಡತಿಯೆದುರು ಶಪಥ ಮಾಡಿದರು. ಶಪಥ ಮಾಡುವ ಹೊತ್ತಿನಲ್ಲಿ ಅವರ ಕೈ ಗ್ಯಾಸ್ ಆಫ್ ಆಗಿದೆಯೇ ಎಂದು ಮೂರನೇ ಸಲ ತಿರುಗಿಸಿ ನೋಡುತ್ತಿತ್ತು ಎಂಬುದು ಬೇರೆ ಮಾತು.

ಅವರದು ಕೆಲಸವೇ ಅಂಥದ್ದು. ಹದಿನೇಳು ವರ್ಷದಿಂದ ಕಂಡವರ ಕಟ್ಟಡದ ಲಿಫ್ಟುಗಳನ್ನು ಹತ್ತಿ ಇಳಿದು, ಹಗ್ಗ ಸವೆದಿದೆಯೇ, ಬ್ರೇಕು ಕಚ್ಚುತ್ತದೆಯೇ ಎಂದು ನೋಡಿ ಸಹಿ ಹಾಕುತ್ತ ಬಂದವರು. ಬೀಳುವ ಮೊದಲೇ ಬೀಳುವುದನ್ನು ಕಾಣಲೆಂದು ಅವರಿಗೆ ಸಂಬಳ. ಮನೆಗೆ ಬಂದ ಮೇಲೆ ಆ ಕಣ್ಣನ್ನು ಕಳಚಿ ಗೂಟಕ್ಕೆ ನೇತುಹಾಕುವುದು ಹೇಗೆ?

ಹೆಂಡತಿ ಗಣಿತದ ಟೀಚರು. "ಬರೆದು ಕೊಡಿ. ಬಾಯಿಮಾತಿನ ಶಪಥ ಹೋದ ವರ್ಷಾನೂ ಆಗಿತ್ತು" ಎಂದರು.

"ಈ ಸಲ ನೋಡ್ತಾ ಇರು. ಬಂಡೆ ಥರ ಇರ್ತೀನಿ."

ಬಂಡೆ ಮಾತು ಮುಗಿಸುವಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಅಕ್ಕ. ಅವಳ ದನಿಯಲ್ಲಿ ಸಂಭ್ರಮ ತುಳುಕುತ್ತಿತ್ತು.

"ಕೇಳಿದ್ಯೇನೋ, ನಿಮ್ಮ ಭಾವ ಎಲ್ಲೋ ರಿಪೇರಿ ಅಂಗಡೀಲಿ ಹಳೇ ವಿಡಿಯೋ ಪ್ಲೇಯರ್ ಹಿಡಿದು ತಂದಿದಾರೆ. ಚೆನ್ನಾಗಿ ಓಡ್ತಿದೆ. ಈ ಸಲ ಎಲ್ಲರೂ ಸೇರಿ ನಮ್ಮ ಮದುವೆ ಕ್ಯಾಸೆಟ್ ನೋಡೋಣ. ಇಪ್ಪತ್ತೊಂಬತ್ತು ವರ್ಷದಿಂದ ಅಮ್ಮನ ಬೀರುವಿನಲ್ಲಿ ಹಾಗೇ ಇದೆ ಕಣೋ, ಒಬ್ಬರೂ ಮುಟ್ಟಿಲ್ಲ."

ಬಂಡೆ ಬಿರುಕು ಬಿಟ್ಟಿತು. ಇನ್ಸ್‌ಪೆಕ್ಟರು "ಹೌದಾ, ಒಳ್ಳೇದಾಯ್ತು" ಎಂದು ಹೇಳಿದ್ದು ಅವರಿಗೇ ಕೇಳಿಸಲಿಲ್ಲ. ಕುರ್ಚಿ ಇದೆಯೆಂದು ಭಾವಿಸಿ ಕೂತದ್ದು ಅಕ್ಕಿಡಬ್ಬದ ಮೇಲೆ.

ಒಬ್ಬರೂ ಮುಟ್ಟಿಲ್ಲ ಎಂಬುದು ನಿಜವಲ್ಲ. ಒಬ್ಬರು ಮುಟ್ಟಿದ್ದರು. ಆ ಒಬ್ಬರಿಗೆ ಆಗ ಹನ್ನೊಂದು ವರ್ಷ. ಹನ್ನೊಂದು ವರ್ಷದವನಿಗೆ ಬಹುವಚನ ಹೊರೆಯಾದೀತು, ಆದ್ದರಿಂದ ಸ್ವಲ್ಪ ಹೊತ್ತು ಅವನು ಎನ್ನೋಣ.

ಆ ಕಾಲದಲ್ಲಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಟೀವಿಯಲ್ಲಿ 'ಕ್ಯಾಪ್ಟನ್ ಗುಡುಗು' ಬರುತ್ತಿತ್ತು. ಬೆಳ್ಳಿ ಬಣ್ಣದ ಅಂಗಿ, ತಲೆಗೆ ಕುಕ್ಕರಿನಂಥ ಶಿರಸ್ತ್ರಾಣ, ಬಾಯಿಬಿಟ್ಟರೆ ಸಿಡಿಲು. ಹತ್ತು ಗಂಟೆಗೆ ಬೀದಿಯಲ್ಲಿ ಒಂದು ಮಗು ಕಾಣಿಸಿದರೆ ಅದಕ್ಕೆ ಜ್ವರವೋ, ಮನೆಯಲ್ಲಿ ಕರೆಂಟಿಲ್ಲವೋ ಎಂದು ಜನ ವಿಚಾರಿಸುತ್ತಿದ್ದರು. ಒಂದೂವರೆ ವರ್ಷ ನಡೆದ ಕದನದ ಕೊನೆಯ ಕಂತು, ಕ್ಯಾಪ್ಟನ್ ಗುಡುಗು ಕತ್ತಲೆರಾಯನ ಕೋಟೆಗೆ ನುಗ್ಗುವ ಕಂತು, ಬರುವ ದಿನವೇ ಹೊಸ ಮದುಮಕ್ಕಳ ಜೊತೆ ಇಡೀ ಮನೆ ಭಾವನ ಮನೆಗೆ ಊಟಕ್ಕೆ ಹೋಗಬೇಕೆಂದು ಅಪ್ಪ ಸಾರಿದರು.

ಹುಡುಗ ಅತ್ತ, ಹೊಟ್ಟೆನೋವೆಂದ, ಪ್ರಯೋಜನವಾಗಲಿಲ್ಲ. ಕೊನೆಗೆ ಎಲ್ಲರೂ ಚಪ್ಪಲಿ ಹಾಕಿಕೊಳ್ಳುವ ಗದ್ದಲದಲ್ಲಿ ಒಳಗೆ ನುಗ್ಗಿ, ಪ್ಲೇಯರಿಗೆ ಕೈಗೆ ಸಿಕ್ಕ ಕ್ಯಾಸೆಟ್ ತುರುಕಿ, ರೆಕಾರ್ಡ್ ಮಾಡುವ ಕೆಂಪು ಗುಂಡಿ ಒತ್ತಿ ಓಡಿಬಂದ. ಸಿಕ್ಕದ್ದು ಮದುವೆಯ ಕ್ಯಾಸೆಟ್. ಯಾರೂ ಅಳಿಸದಿರಲೆಂದು ಅಪ್ಪ ಅದರ ಮೂಲೆಯ ಚೂರು ಮುರಿದಿಟ್ಟಿದ್ದರು. ಆ ತೂತಿನ ಮೇಲೆ ಅಂಟುಪಟ್ಟಿ ಹಚ್ಚಿದರೆ ಪ್ಲೇಯರ್ ಮೋಸ ಹೋಗುತ್ತದೆಂದು ಅವನಿಗೆ ಗೊತ್ತಿತ್ತು, ಹಚ್ಚಿದ. ಹೇಗೂ ಮದುವೆಯ ನಂತರ ಖಾಲಿ ಟೇಪ್ ಉಳಿದಿರುತ್ತದೆ ಎಂದುಕೊಂಡ. ಆದರೆ ಕ್ಯಾಸೆಟ್ ಆರಂಭಕ್ಕೇ ಸುತ್ತಿಕೊಂಡು ನಿಂತಿತ್ತು ಎಂಬುದನ್ನು ನೋಡಲಿಲ್ಲ.

ಊಟ ಮುಗಿಸಿ ಬಂದು, ಯಾರಿಗೂ ಕಾಣದಂತೆ ಹಿಂದಕ್ಕೆ ಸುತ್ತಿ ನೋಡಿದರೆ, ಅಕ್ಕ ಭಾವ ನಗುತ್ತ ಬರಬೇಕಾದ ಬಾಗಿಲಿನಿಂದ ಕ್ಯಾಪ್ಟನ್ ಗುಡುಗು ಸೆಲ್ಯೂಟ್ ಹೊಡೆಯುತ್ತ ಬಂದ.  ಹುಡುಗನಿಗೆ ಕಂತು ನೋಡುವ ಧೈರ್ಯವೂ ಉಳಿಯಲಿಲ್ಲ. ಕ್ಯಾಸೆಟ್ಟನ್ನು ಡಬ್ಬಕ್ಕೆ ಹಾಕಿ ಬೀರುವಿಗೆ ಸೇರಿಸಿದ. ಮರುದಿನ ಯೋಚಿಸಿ, ಬೆಣ್ಣೆ ಸವರಿದ ಒಂದು ಬ್ರೆಡ್ ತುಂಡನ್ನು ಪ್ಲೇಯರಿನ ಬಾಯಿಗೆ ಇಟ್ಟ. ಪ್ಲೇಯರ್ ಸತ್ತಿತು. ಬೈಗುಳವನ್ನು ಅವನು ಪದಕದಂತೆ ಸ್ವೀಕರಿಸಿದ. ಹೊಸ ಪ್ಲೇಯರನ್ನು ಆ ಮನೆ ಮತ್ತೆ ಕೊಳ್ಳಲಿಲ್ಲ.

ಇದನ್ನೆಲ್ಲ ಇನ್ಸ್‌ಪೆಕ್ಟರು ಬಸ್ಸಿನಲ್ಲಿ, ಮಗಳು ಕಿಟಕಿಗೆ ತಲೆಯಾನಿಸಿ ಮಲಗಿದ ಮೇಲೆ, ಹೆಂಡತಿಯ ಕಿವಿಯಲ್ಲಿ ಹೇಳಿದರು.

"ಹೋಗಿ ಹೇಳಿಬಿಡಿ. ಅಕ್ಕ ತಾನೇ" ಎಂದರು ಟೀಚರು.

"ನಿನಗೆ ನಮ್ಮಕ್ಕ ಗೊತ್ತಿಲ್ಲ. ನಾನು ಅವಳ ಪೆನ್ ಮುರಿದದ್ದನ್ನ ಈಗಲೂ ವರ್ಷಕ್ಕೊಂದು ಸಲ ನೆನಪಿಸ್ತಾಳೆ. ಇದು ಮದುವೆ."

"ಮತ್ತೇನು ಮಾಡ್ತೀರಿ?"

"ಅವಳಿಗಿಂತ ಮೊದಲು ಕ್ಯಾಸೆಟ್ ಹುಡುಕ್ತೀನಿ. ಒಂದಷ್ಟು ಟೇಪ್ ಎಳೆದು ಗಂಟು ಹಾಕಿಟ್ಟರೆ ಹಳೇದಾಗಿ ಹಾಳಾಯ್ತು ಅಂದುಕೊಳ್ತಾರೆ."

"ಬಂಡೆ" ಎಂದು ಟೀಚರು ಕಣ್ಣು ಮುಚ್ಚಿಕೊಂಡರು.

ಅಮ್ಮನಿಗೆ ಎಪ್ಪತ್ತನಾಲ್ಕು. ಕೆಳಗೆ ಬಟ್ಟೆ ಹೊಲಿಯುವ ಅಂಗಡಿ, ಮೇಲೆ ಮನೆ. ರಜೆಯ ದಿನಗಳೇ ಅಂಗಡಿಗೆ ಸುಗ್ಗಿ, ಹೊಲಿಗೆಯ ಯಂತ್ರ ಬೆಳಗಿನಿಂದ ಟರ್ರೆನ್ನುತ್ತಲೇ ಇತ್ತು. ಆ ಸದ್ದು ಕೇಳುವವರೆಗೆ ಅಮ್ಮ ಕೆಳಗಿದ್ದಾರೆ ಎಂದರ್ಥ. ಮಧ್ಯಾಹ್ನ ಭಾವ ಹಾಲ್‌ನಲ್ಲಿ ವೈರುಗಳ ನಡುವೆ ಮುಳುಗಿದ್ದರು. ಅಕ್ಕ ಮತ್ತು ಟೀಚರು ತರಕಾರಿ ತರಲು ಹೋಗಿದ್ದರು. ಇನ್ಸ್‌ಪೆಕ್ಟರು ತಮ್ಮ ತಾಯಿಯ ಕೋಣೆಗೆ ತಾವೇ ಕಳ್ಳನಂತೆ ಹೆಜ್ಜೆಯಿಟ್ಟರು.

ಬೀರುವಿನ ತಳದಲ್ಲಿ, ಹಳೆ ಸೀರೆಗಳ ಕೆಳಗೆ, ಡಬ್ಬ ಸಿಕ್ಕಿತು. ಮೇಲೆ ಅಪ್ಪನ ದುಂಡು ಅಕ್ಷರ: 'ಮಗಳ ಮದುವೆ. ಅಳಿಸಬಾರದು.' ಕೆಳಗೆ ಎರಡು ಗೆರೆ. ಅಪ್ಪ ಹೋಗಿ ಆರು ವರ್ಷವಾಗಿತ್ತು. ಗೆರೆಗಳು ಈಗಲೂ ಗದರುತ್ತಿದ್ದವು.

ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡು, ಕ್ಯಾಸೆಟ್ಟಿನ ಮುಚ್ಚಳ ಎತ್ತಿ ಒಂದು ಮೊಳ ಟೇಪ್ ಎಳೆದರು. ಅಲ್ಲಿಗೆ ಕೈ ನಿಂತಿತು. ಈ ಕಪ್ಪು ಪಟ್ಟಿಯೊಳಗೇ ಕತ್ತಲೆರಾಯನ ಕೋಟೆ ಇದೆ. ಆ ಭಾನುವಾರದ ಮಾರನೆಯ ದಿನ ಶಾಲೆಯಲ್ಲಿ ಗೆಳೆಯರು ಕೊನೆಯ ಕಂತಿನ ಕತೆ ಹೇಳಿದ್ದರು: ಕ್ಯಾಪ್ಟನ್ ಗುಡುಗು ಕೋಟೆಯ ತುದಿಯಿಂದ ಧುಮುಕಿ, ಭೂಮಿಯನ್ನು ಉಳಿಸಿ, ತಾನು ನಕ್ಷತ್ರವಾದನಂತೆ. ಆ ಕತೆಯನ್ನೇ ಇನ್ಸ್‌ಪೆಕ್ಟರು ಮಗಳಿಗೆ ಹತ್ತು ವರ್ಷ ಹೇಳಿ ಮಲಗಿಸಿದ್ದರು. ಕಣ್ಣಾರೆ ಕಂಡದ್ದಿಲ್ಲ. ಒಂದು ಸಲವಾದರೂ ನೋಡದೆ ಹರಿದುಹಾಕುವುದೇ? ಬೆರಳಿನಿಂದ ಚಕ್ರ ತಿರುಗಿಸಿ ಟೇಪನ್ನು ಒಳಕ್ಕೆ ಸುತ್ತಿ, ಕ್ಯಾಸೆಟ್ಟನ್ನು ತಮ್ಮ ಸೂಟ್‌ಕೇಸಿನಲ್ಲಿ ಕಾಲುಚೀಲಗಳ ಕೆಳಗೆ ಹೂತಿಟ್ಟರು. ಹರಿಯಲೂ ಇಲ್ಲ, ಹೇಳಲೂ ಇಲ್ಲ. ನಡುಮಹಡಿಯಲ್ಲಿ ನಿಂತುಹೋದ ಲಿಫ್ಟಿನಂತಾಯಿತು ಸ್ಥಿತಿ.

ಸಂಜೆ ಅಕ್ಕ ಬೀರು ತೆರೆದಳು. ಡಬ್ಬ ಇತ್ತು, ಹಗುರವಾಗಿತ್ತು.

"ಅಮ್ಮಾ, ಟೇಪ್ ಎಲ್ಲಿ?" ಎಂದು ಮೇಲಿನಿಂದ ಕೂಗಿದಳು.

"ನನ್ನ ಕೊರಳಲ್ಲೇ ಇದೆ, ಯಾರ ಅಳತೆ ತಗೋಬೇಕು?" ಎಂದು ಅಮ್ಮ ಕೆಳಗಿನಿಂದ ಕೂಗಿದರು.

ವಿಷಯ ಸ್ಪಷ್ಟವಾದ ಮೇಲೆ ಹೊಲಿಗೆಯ ಯಂತ್ರ ನಿಂತಿತು. ಆ ಮನೆಯಲ್ಲಿ ಏನೇ ಕಳೆದರೂ ಮೊದಲ ಅನುಮಾನ ಭಾವನ ಮೇಲೆ. ಅದು ಅವರಿಗೂ ಅಭ್ಯಾಸವಾಗಿ, ಕರೆಯುವ ಮೊದಲೇ ಬಂದು ನಿಂತಿದ್ದರು.

"ನೀವೇ ಎಲ್ಲೋ ಇಟ್ಟಿರ್ತೀರಿ."

"ನಾನು ಬೀರು ಮುಟ್ಟೇ ಇಲ್ಲ ಕಣೇ."

"ಮದುವೇಲಿ ನಿಮ್ಮ ತಲೆತುಂಬ ಕೂದಲಿತ್ತು. ಈಗ ಎಲ್ಲರೆದುರು ಹೋಲಿಕೆಯಾಗುತ್ತೆ ಅಂತ ಬಚ್ಚಿಟ್ಟಿದೀರಿ."

"ಹಾಗಿದ್ರೆ ಪ್ಲೇಯರ್ ಯಾಕೆ ತರ್ತಿದ್ದೆ?"

"ಅದೇ ನನಗೂ ಅನುಮಾನ."

ಭಾವ ಸಹಾಯಕ್ಕೆಂದು ಇನ್ಸ್‌ಪೆಕ್ಟರ ಮುಖ ನೋಡಿದರು. ಇನ್ಸ್‌ಪೆಕ್ಟರು ಫ್ಯಾನಿನ ಕೊಂಡಿ ಗಟ್ಟಿಯಾಗಿದೆಯೇ ಎಂದು ಪರಿಶೀಲಿಸುತ್ತಿದ್ದರು.  ಟೀಚರು ಗಂಡನನ್ನೇ ನೋಡಿದರು. ಉತ್ತರ ಗೊತ್ತಿದ್ದೂ ಕೈಯೆತ್ತದ ವಿದ್ಯಾರ್ಥಿಯನ್ನು ನೋಡುವ ನೋಟ.

ಅಮ್ಮ ಮೆಟ್ಟಿಲು ಹತ್ತಿ ಬಂದು ಮಂಚದ ಅಂಚಿನಲ್ಲಿ ಕೂತರು. ಖಾಲಿ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು, "ಹೋಗಲಿ ಬಿಡಿ, ಜಗಳ ಬೇಡ" ಎಂದರು. ಅದರ ಮೇಲಿನ ಅಕ್ಷರ ಸವರುತ್ತ, "ಅದರಲ್ಲಿ ನಿಮ್ಮಪ್ಪ ಮಾತಾಡಿದ್ರು. ಅವರ ದನಿ ಬೇರೆಲ್ಲೂ ಇಲ್ಲ. ಒಂದ್ಸಲ ಕೇಳೋಣ ಅಂದ್ಕೊಂಡಿದ್ದೆ, ಅಷ್ಟೇ" ಎಂದರು.

ಇನ್ಸ್‌ಪೆಕ್ಟರ ಕಣ್ಣು ಫ್ಯಾನಿನ ಕೊಂಡಿ ಬಿಟ್ಟು ಖಾಲಿ ಡಬ್ಬಕ್ಕೆ ಇಳಿಯಿತು. ಇಷ್ಟು ವರ್ಷ ತಾವು ಅಳಿಸಿದ್ದು ಅಕ್ಕನ ಮದುವೆ ಎಂದಷ್ಟೇ ಹೆದರಿದ್ದರು. ಅದರೊಳಗೆ ಅಪ್ಪನೂ ಇದ್ದರೆಂಬುದು ತಲೆಗೇ ಹೊಳೆದಿರಲಿಲ್ಲ.

ಸದ್ದಿಲ್ಲದೆ ತಮ್ಮ ಕೋಣೆಗೆ ಹೋದರು. ಕ್ಯಾಸೆಟ್ ತೆಗೆದು ಅಂಗಿಯೊಳಗೆ ಸೇರಿಸಿದರು. ಬೀರುವಿನ ಹಿಂದೆ ಬೀಳಿಸಿ, ಇಲ್ಲೇ ಇತ್ತಲ್ಲ ಎಂದು ತಾವೇ ಹುಡುಕಿಕೊಡುವ ಯೋಚನೆ. ಮರಳುವಾಗ ಅಮ್ಮನ ಕೋಣೆಯ ಬಾಗಿಲಲ್ಲಿ ಮಗಳು ಎದುರಾದಳು.

"ಅಪ್ಪ, ನಿನ್ನ ಹೊಟ್ಟೆ ಯಾಕೆ ಚೌಕ ಆಗಿದೆ?"

ಎಲ್ಲರೂ ತಿರುಗಿದರು. ಇನ್ಸ್‌ಪೆಕ್ಟರು ಕ್ಯಾಸೆಟ್ಟನ್ನು ಹೊರತೆಗೆದು ಅಮ್ಮನ ಪಕ್ಕದಲ್ಲಿಟ್ಟು, ನೆಲ ನೋಡುತ್ತ, ತಪಾಸಣೆಯ ವರದಿ ಓದುವ ಧಾಟಿಯಲ್ಲಿ ಹೇಳತೊಡಗಿದರು. ಭಾನುವಾರ, ಊಟ, ಕೆಂಪು ಗುಂಡಿ, ಅಂಟುಪಟ್ಟಿ, ಕತ್ತಲೆರಾಯ. ಕೊನೆಗೆ ವರದಿಯ ಧಾಟಿ ಕೈಕೊಟ್ಟಿತು. "ತಪ್ಪಾಯ್ತು ಅಕ್ಕ. ಅಮ್ಮ, ತಪ್ಪಾಯ್ತು" ಎಂದಾಗ ದನಿ ಹನ್ನೊಂದು ವರ್ಷದವನದಾಗಿತ್ತು.



"ಬ್ರೆಡ್ಡೂ ಇದಕ್ಕೇನಾ?" ಎಂದಳು ಅಕ್ಕ.

"ಹೂಂ."

"ಬೇಕಂತಲೇ?"

"ಬೇಕಂತಲೇ."

"ಹಾಗಾದ್ರೆ ಕದ್ದಿದ್ದು ನಾನಲ್ಲ ಅಂತಾಯ್ತು" ಎಂದು ಭಾವ ಮೆಲ್ಲಗೆ ದಾಖಲಿಸಿದರು. ಆ ವಾಕ್ಯವನ್ನು ಯಾರೂ ಗಮನಿಸಲಿಲ್ಲ.

ಅಕ್ಕ ಕ್ಯಾಸೆಟ್ ಎತ್ತಿಕೊಂಡಳು. "ನನ್ನ ಮದುವೆ ನುಂಗಿದ ಆ ಮಹಾಪುರುಷ ಯಾರು ಅಂತ ನಾನೂ ನೋಡಬೇಕು. ಬನ್ನಿ ಎಲ್ಲ."

ಹಾಲ್‌ನಲ್ಲಿ ಸಾಲಾಗಿ ಕೂತರು. ಪರದೆಯ ಮೇಲೆ ಗೆರೆಗಳು ಓಡಾಡಿ, ಕ್ಯಾಪ್ಟನ್ ಗುಡುಗು ಬಂದ. ಇನ್ಸ್‌ಪೆಕ್ಟರು ನೆಟ್ಟಗೆ ಕೂತರು, ಭಯಕ್ಕೋ ಪ್ರೀತಿಗೋ ಹೇಳುವುದು ಕಷ್ಟ. ಕೋಟೆ ರಟ್ಟಿನದು, ಕ್ಯಾಪ್ಟನ್ ಒರಗಿದಾಗ ಗೋಡೆ ಹಿಂದಕ್ಕೆ ಬಾಗಿತು. ಮಗಳು ನಗು ತಡೆಯಲು ದಿಂಬು ಕಚ್ಚಿಕೊಂಡಳು. ಕ್ಯಾಪ್ಟನ್ ಕತ್ತಿ ಎತ್ತಿದ. "ಕತ್ತಲೆರಾಯ, ನಿನ್ನ ಕೊನೆಯ..." ಎಂದ.

ಅಲ್ಲಿಗೆ ಚಿತ್ರ ಹೋಗಿ ಒಂದು ಹೂದಾನಿ ಬಂತು. ಹೂದಾನಿಯ ಕೆಳಗೆ ದಪ್ಪ ಅಕ್ಷರದಲ್ಲಿ: 'ಅಡಚಣೆಗಾಗಿ ವಿಷಾದಿಸುತ್ತೇವೆ.' ಹಿಂದೆ ಕೊಳಲು.

ಒಂದು ನಿಮಿಷ ಕಳೆಯಿತು. ಐದಾಯಿತು. ಹೂದಾನಿ ಕದಲಲಿಲ್ಲ. ಇಪ್ಪತ್ತೆರಡು ನಿಮಿಷ ಕೊಳಲು ಊದಿದ ಮೇಲೆ ನೇರವಾಗಿ ಕೃಷಿ ಕಾರ್ಯಕ್ರಮ ಶುರುವಾಯಿತು.

"ಹಾಗಾದ್ರೆ ನಕ್ಷತ್ರ ಆಗಿದ್ದು?" ಎಂದಳು ಮಗಳು.

"ಶಾಲೇಲಿ ಎಲ್ಲರೂ ಹೇಳಿದ್ರು" ಎಂದು ಇನ್ಸ್‌ಪೆಕ್ಟರು ಪರದೆಯನ್ನೇ ನೋಡುತ್ತ ಅಂದರು. "ಅಂದರೆ, ಯಾರೂ ನೋಡಿರಲಿಲ್ಲ."

ಅಕ್ಕ ಹೂದಾನಿಗೆ ಹಿಂದಕ್ಕೆ ಸುತ್ತಿ, ಆ ಅಕ್ಷರಗಳ ಮೇಲೆ ಚಿತ್ರವನ್ನು ನಿಲ್ಲಿಸಿದಳು. "ನೋಡೋ. ಆ ಟೀವಿಯವರು ತಪ್ಪಾದ ಕೂಡಲೇ ವಿಷಾದಿಸಿದ್ರು. ನಿನಗೆ ಇಪ್ಪತ್ತೊಂಬತ್ತು ವರ್ಷ ಬೇಕಾಯ್ತು." ಹೇಳುತ್ತ ಹೇಳುತ್ತ ಅವಳ ತುಟಿ ಅದುರಿತು. ಅಳುತ್ತಾಳೆಂದು ಇನ್ಸ್‌ಪೆಕ್ಟರು ಬೆದರಿದರು. ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ಯಾರೂ ಏಳಲಿಲ್ಲ. ಹುಡುಗ ಅವತ್ತು ಕೆಂಪು ಗುಂಡಿ ಒತ್ತಿ ಹೋದವನು ಮಧ್ಯಾಹ್ನ ಮರಳಿ ನಿಲ್ಲಿಸುವವರೆಗೂ ಕ್ಯಾಸೆಟ್ಟಿನಲ್ಲಿ ಅಂದಿನ ಭಾನುವಾರವೇ ಹಿಡಿದಿತ್ತು. ಹಲ್ಲುಪುಡಿಯ ಜಾಹೀರಾತು ಬಂದಾಗ ಅಕ್ಕ ಬಾಯಿಪಾಠದಲ್ಲಿ ಹಾಡಿದಳು. ಸೋಪಿನ ಜಾಹೀರಾತಿಗೆ ಅಮ್ಮ ದನಿಗೂಡಿಸಿದರು. ಭಾವ ಚದುರಂಗದ ಪಾಠವನ್ನು ಕದಲದೆ ನೋಡಿದರು. ಎರಡೂವರೆ ಗಂಟೆ ಕಳೆಯಿತು. ವಾರ್ತೆ ಓದುವವಳು ಒಂದು ಪದದ ನಡುವೆ ಇದ್ದಾಗ ಚಿತ್ರ ಹಾರಿ, ಮದುವೆಯ ಮಂಟಪ ಬಂತು.

ಕೊನೆಯ ಹನ್ನೆರಡು ನಿಮಿಷ ಉಳಿದುಕೊಂಡಿತ್ತು. ಜನ ಊಟ ಮುಗಿಸಿ ಕೈತೊಳೆಯುತ್ತಿದ್ದರು. ತಲೆತುಂಬ ಕೂದಲಿನ ಭಾವ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದರು. ಪಕ್ಕದಲ್ಲಿ ಅಕ್ಕ, ಇಪ್ಪತ್ತೆರಡರವಳು, ಅವರ ಹೆಗಲು ತಟ್ಟಿ ಎಬ್ಬಿಸುತ್ತಿದ್ದಳು. ಆಮೇಲೆ ಅಪ್ಪ ಕಾಣಿಸಿಕೊಂಡರು. ಅಂಗಿಯ ತೋಳು ಮಡಚಿ, ಮಡಿಸಿದ ಕುರ್ಚಿಗಳನ್ನು ಗೋಡೆಗೆ ಒರಗಿಸುತ್ತಿದ್ದರು.

ಅಮ್ಮ ಮುಂದಕ್ಕೆ ಬಾಗಿದರು. ಕೊರಳ ಟೇಪನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

ಅಪ್ಪ ಕ್ಯಾಮೆರಾದ ಕಡೆ ತಿರುಗಿ ನೋಡಿದರು. "ಇನ್ನೂ ತೆಗೀತಿದೀರಾ? ಸಾಕು, ಬಂದು ಊಟ ಮಾಡಿ" ಎಂದರು. ಎರಡು ಹೆಜ್ಜೆ ಹೋದವರು ಏನೋ ನೆನಪಾಗಿ ಹತ್ತಿರ ಬಂದರು. ಇಡೀ ಪರದೆಯ ತುಂಬ ಅವರ ಮುಖ. ದನಿ ತಗ್ಗಿಸಿ ಹೇಳಿದರು:

"ಕ್ಯಾಸೆಟ್ ಮಾತ್ರ ನನ್ನ ಕೈಗೇ ಕೊಡಿ. ನಮ್ಮನೇಲಿ ಒಬ್ಬ ಹುಡುಗ ಇದಾನೆ, ಅವನ ಕೈಗೆ ಸಿಕ್ಕರೆ ಉಳಿಯಲ್ಲ."

ಭಾವ ಮೊದಲು ನಕ್ಕರು. ಆಮೇಲೆ ಇಡೀ ಹಾಲ್. ಅಮ್ಮ ನಗುತ್ತ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಹಾಕೋ" ಎಂದರು. ಹಾಕಿದರು. ರಜೆ ಮುಗಿಯುವುದರೊಳಗೆ ಲಿಫ್ಟ್ ಇನ್ಸ್‌ಪೆಕ್ಟರು ಆ ಮಾತನ್ನು ಹದಿನಾಲ್ಕು ಸಲ ಕೇಳಬೇಕಾಯಿತು. ಹನ್ನೊಂದು ಸಲ ಅಮ್ಮನ ಒತ್ತಾಯಕ್ಕೆ. ಉಳಿದ ಮೂರು ಸಲ, ಯಾರೂ ಇಲ್ಲದಾಗ, ತಾವೇ ಹಾಕಿಕೊಂಡರು.